ತಂಡ ಹೆಚ್ಚಾದರೆ ಪ್ರತಿಭೆ ತೆಳುವಾಗುತ್ತದೆಯೇ? ವಿಜಯ್ ಮರ್ಚೆಂಟ್ ಬದುಕಿನಲ್ಲಿದೆ ಉತ್ತರ

ರಣಜಿ ಟ್ರೋಫಿ ಶುರುವಾದಾಗ ಇದ್ದದ್ದು 15 ತಂಡ, ಈಗ 38. ಹಾಗಾಗಿ ಆಟದ ಗುಣಮಟ್ಟ ಕೆಟ್ಟಿದೆ, ಹಿಂದಿನವರೇ ನಿಜವಾದ ಆಟಗಾರರು ಎಂಬ ವಾದ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತದೆ. ಇದಕ್ಕೆ ಕೊಡುವ ಸಾಕ್ಷಿ ವಿಜಯ್ ಮರ್ಚೆಂಟ್ ಅವರ ರಣಜಿ ಸರಾಸರಿ 98.75. ಅಂಕಿ ನಿಜ. ಅದರಿಂದ ತೆಗೆಯುವ ಅರ್ಥ ನಿಜವೇ?

ಯಾರು ಈ ಮರ್ಚೆಂಟ್?

ಹುಟ್ಟಿದ್ದು 1911ರ ಅಕ್ಟೋಬರ್ 12ರಂದು, ಮುಂಬಯಿಯ ಜವಳಿ ಗಿರಣಿ ಮಾಲೀಕರ ಮನೆಯಲ್ಲಿ. ಮನೆತನದ ಹೆಸರು ಠಾಕರ್ಸೀ. ತಂದೆಯ ವೃತ್ತಿ ವ್ಯಾಪಾರ ಎಂದಾಗ ಶಾಲೆಯವರು ಅದನ್ನೇ ಅಡ್ಡಹೆಸರು ಎಂದು ಬರೆದುಕೊಂಡರು ಎಂಬ ಕಥೆ ಪ್ರಸಿದ್ಧ. 1933ರ ಡಿಸೆಂಬರ್‌ನಲ್ಲಿ, ಭಾರತದ ನೆಲದಲ್ಲಿ ನಡೆದ ಮೊದಲ ಟೆಸ್ಟ್‌ನಲ್ಲೇ ಅವರು ಪದಾರ್ಪಣೆ ಮಾಡಿದರು.

1943–44ರಲ್ಲಿ ಮಹಾರಾಷ್ಟ್ರ ವಿರುದ್ಧ ಔಟಾಗದೆ 359 ರನ್ ಹೊಡೆದರು. 1946ರ ಇಂಗ್ಲೆಂಡ್ ಪ್ರವಾಸದಲ್ಲಿ 74.53 ಸರಾಸರಿಯಲ್ಲಿ 2,385 ರನ್ ಗಳಿಸಿದರು. 1951ರಲ್ಲಿ ದೆಹಲಿಯಲ್ಲಿ ತಮ್ಮ ಕೊನೆಯ ಟೆಸ್ಟ್‌ನಲ್ಲಿ 154 ಬಾರಿಸಿದರು. ಅವರ ಶ್ರೇಷ್ಠತೆಯಲ್ಲಿ ಅನುಮಾನವಿಲ್ಲ.

ಹಾಗಾದರೆ 98.75 ಏನು ಹೇಳುತ್ತದೆ?

ಇದೇ ಮರ್ಚೆಂಟ್ ಅವರ ಟೆಸ್ಟ್ ಸರಾಸರಿ 47.72, ಅಂದರೆ ಅರ್ಧಕ್ಕಿಂತ ಕಡಿಮೆ. ಆಡಿದ್ದು ಹತ್ತೇ ಟೆಸ್ಟ್, ಎಲ್ಲವೂ ಇಂಗ್ಲೆಂಡ್ ವಿರುದ್ಧ. ಆದರೂ ಇಷ್ಟು ದೊಡ್ಡ ಅಂತರ ಒಂದು ಸುಳಿವು: ಅಂದಿನ ರಣಜಿಯಲ್ಲಿ ಒಳ್ಳೆಯವರಿಗೂ ಸಾಧಾರಣರಿಗೂ ನಡುವೆ ಬಹಳ ದೂರವಿತ್ತು.

ನಮ್ಮ ಮೈಸೂರು ತಂಡವನ್ನೇ ನೋಡಿ. 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ ನಡೆದ ಮೊಟ್ಟಮೊದಲ ರಣಜಿ ಪಂದ್ಯದಲ್ಲಿ ಮೈಸೂರು 48 ಮತ್ತು 59ಕ್ಕೆ ಆಲೌಟ್. ಮದ್ರಾಸ್ ಗಳಿಸಿದ್ದೂ 130 ಮಾತ್ರ. ಪಂದ್ಯ ಒಂದೇ ದಿನದಲ್ಲಿ ಮುಗಿಯಿತು!

ಅಮೆರಿಕದ ಬೇಸ್‌ಬಾಲ್‌ನಲ್ಲೂ ಇದೇ ಚರ್ಚೆಯಿದೆ. ಹಳೆಯ ಕಾಲದ ಅಸಾಧಾರಣ ಸರಾಸರಿಗಳು ಮಾಯವಾದದ್ದು ಆಟಗಾರರು ಕೆಟ್ಟದ್ದರಿಂದಲ್ಲ, ಎಲ್ಲರ ಮಟ್ಟವೂ ಏರಿ ಅಂತರ ಕಿರಿದಾದ್ದರಿಂದ ಎಂದು ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ವಿವರಿಸಿದ್ದರು.

ಜನಸಂಖ್ಯೆಯ ಲೆಕ್ಕ

1931ರಲ್ಲಿ ಅವಿಭಜಿತ ಭಾರತದ ಜನಸಂಖ್ಯೆ ಸುಮಾರು 35 ಕೋಟಿ. 15 ತಂಡ ಎಂದರೆ 2.3 ಕೋಟಿ ಜನರಿಗೆ ಒಂದು. ಇಂದು 140 ಕೋಟಿಗೆ 38 ತಂಡ, ಅಂದರೆ ಸುಮಾರು 3.7 ಕೋಟಿಗೆ ಒಂದು. ಜನರ ಲೆಕ್ಕದಲ್ಲಿ ಸೀಟುಗಳು ಕಡಿಮೆಯೇ ಆಗಿವೆ!

ವಾದದಲ್ಲಿ ಸ್ವಲ್ಪವೂ ಸತ್ಯವಿಲ್ಲವೇ?

ಇದೆ. 2018–19ರಲ್ಲಿ ಒಮ್ಮೆಲೇ ಒಂಬತ್ತು ತಂಡಗಳು ಸೇರಿದವು. ಅದೇ ವರ್ಷ ಬಿಹಾರದ ಅಶುತೋಷ್ ಅಮನ್ 68 ವಿಕೆಟ್ ಪಡೆದು, ಬಿಷನ್ ಸಿಂಗ್ ಬೇಡಿ ಅವರ 64 ವಿಕೆಟ್‌ಗಳ ಹಳೆಯ ದಾಖಲೆ ಮುರಿದರು. ಅವರು ಆಡಿದ್ದು ಹೊಸ ತಂಡಗಳೇ ಇದ್ದ ಪ್ಲೇಟ್ ಗುಂಪಿನಲ್ಲಿ. ಹೊಸ ತಂಡ ಬಂದಾಗ ಕೆಳಹಂತದಲ್ಲಿ ಮಟ್ಟ ಇಳಿಯುವುದು ಸಹಜ. ಆದರೆ ಅದು ಶಾಶ್ವತವಲ್ಲ. 48ಕ್ಕೆ ಉರುಳಿದ್ದ ಮೈಸೂರೇ ಕರ್ನಾಟಕ ಎಂಬ ಹೊಸ ಹೆಸರಿನಲ್ಲಿ 1973–74ರಲ್ಲಿ, ಸತತ 15 ವರ್ಷ ಗೆದ್ದಿದ್ದ ಬಾಂಬೆಯನ್ನು ಸೆಮಿಫೈನಲ್‌ನಲ್ಲಿ ಸೋಲಿಸಿ ರಣಜಿ ಗೆದ್ದಿತು.

ಮರ್ಚೆಂಟ್ ಏನು ಮಾಡಿದರು?

ನಿವೃತ್ತಿಯ ನಂತರ ಆಯ್ಕೆ ಸಮಿತಿಯ ಅಧ್ಯಕ್ಷರಾಗಿ ಅವರು ಹಳಬರನ್ನೇ ನೆಚ್ಚಿ ಕೂರಲಿಲ್ಲ, ಹೊಸಬರಿಗೆ ಬಾಗಿಲು ತೆರೆದರು. ಅವರ ಅವಧಿಯಲ್ಲೇ, 1969ರಲ್ಲಿ, ಭದ್ರಾವತಿಯ ಜಿ.ಆರ್. ವಿಶ್ವನಾಥ್ ಕಾನ್ಪುರದಲ್ಲಿ ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಮರ್ಚೆಂಟ್ 1987ರ ಅಕ್ಟೋಬರ್ 27ರಂದು ತೀರಿಕೊಂಡರು. ಇಂದು 16 ವರ್ಷದೊಳಗಿನ ಹುಡುಗರ ರಾಷ್ಟ್ರೀಯ ಟೂರ್ನಿಗೆ ಅವರದೇ ಹೆಸರು.

ಮರ್ಚೆಂಟ್ ಕಾಲದಲ್ಲಿ ಕಲಘಟಗಿ ತಾಲೂಕಿನ ದೇವಿಕೊಪ್ಪದಂಥ ಊರಿನ ಹುಡುಗನಿಗೆ ಟರ್ಫ್ ಪಿಚ್ ಕನಸಿನ ಮಾತು. ಈಗ ಹುಬ್ಬಳ್ಳಿಯಲ್ಲೇ ರಾಜ್ಯ ಸಂಸ್ಥೆಯ ಮೈದಾನವಿದೆ. ಪಕ್ಕದ ಗದಗಿನ ಸುನಿಲ್ ಜೋಶಿ 1996ರಲ್ಲೇ ಭಾರತದ ಪರ ಟೆಸ್ಟ್ ಆಡಿದರು. ಆಯ್ಕೆಯ ಬಲೆ ಅಗಲವಾದಷ್ಟೂ ಇಂಥವರು ಸಿಗುವುದು ಹೆಚ್ಚು.

ನಮ್ಮ ತೀರ್ಮಾನ: ತಂಡ ಹೆಚ್ಚಾದದ್ದರಿಂದ ಪ್ರತಿಭೆ ತೆಳುವಾಗಿದೆ ಎಂಬುದು ಅರೆಸತ್ಯ. 98.75 ಅಂಕಿಯ ಫಾರ್ವರ್ಡ್ ಬಂದರೆ, ಜೊತೆಗೆ ಈ ಲೆಕ್ಕವನ್ನೂ ಕಳಿಸಿ.