ಅಶೋಕ ಚಕ್ರವರ್ತಿಯೂ ಕಳಿಂಗ ಯುದ್ಧವೂ

ಯುದ್ಧದಲ್ಲಿ ಸೋತವರು ಯುದ್ಧವನ್ನು ನಿಂದಿಸುವುದು ಲೋಕದಲ್ಲಿ ಸಾಮಾನ್ಯವಾದ ಸಂಗತಿ. ಗೆದ್ದವನೇ ತನ್ನ ಗೆಲುವಿಗಾಗಿ ಮರುಗಿ, ಆ ಮರುಕವನ್ನು ಬಂಡೆಗಳ ಮೇಲೆ ಕೊರೆಯಿಸಿ, ಸ್ವದೇಶೀಯರಿಗೂ ಪರದೇಶೀಯರಿಗೂ ತಿಳಿಯಪಡಿಸಿದ ದೃಷ್ಟಾಂತವು ಅತಿ ವಿರಳ. ಅಂಥವರಲ್ಲಿ ಅಗ್ರಗಣ್ಯನು ಮೌರ್ಯ ವಂಶದ ಅಶೋಕ ಚಕ್ರವರ್ತಿ. ನಮ್ಮ ಶಾಲೆಯಿಂದ ಕಲಿತು ಹೋದ ಸೋದರಿಯರೆಲ್ಲರೂ ಆತನ ಹೆಸರನ್ನು ಪಾಠದ ಪುಸ್ತಕದಲ್ಲಿ ಓದಿದವರೇ. ಆದರೂ ಆತನ ಜೀವಿತವನ್ನು ಈ ಸಂಚಿಕೆಯಲ್ಲಿ ಪುನಃ ಸಂಕ್ಷೇಪವಾಗಿ ಬರೆಯುವುದಕ್ಕೆ ಕಾರಣವುಂಟು. ಆತನ ಮಾತು ನಮ್ಮ ನೆರೆಯಲ್ಲಿಯೇ ಕಲ್ಲಿನ ಮೇಲೆ ನಿಂತಿದೆ. ಅದನ್ನು ದೂರ ದೇಶದ ಕಥೆಯೆಂದು ನಾವು ಬದಿಗಿಡುವಂತಿಲ್ಲ.

ತುಂಗಭದ್ರೆಯ ಅಣೆಕಟ್ಟಿನಿಂದ ಹೆಸರುಗೊಂಡ ಮುನಿರಾಬಾದಿನಿಂದ ಪಶ್ಚಿಮಾಭಿಮುಖವಾಗಿ ಹೋದರೆ ಕೊಪ್ಪಳವು ದೊರೆಯುವುದು. ಅಲ್ಲಿಯ ಗವಿಮಠದ ಗುಡ್ಡದಲ್ಲಿ ಒಂದು, ಅದರ ಸಮೀಪದ ಪಲ್ಕಿಗುಂಡಿನಲ್ಲಿ ಇನ್ನೊಂದು, ಹೀಗೆ ಅಶೋಕನ ಎರಡು ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಪಲ್ಕಿಗುಂಡಿನ ಅಕ್ಷರಗಳು ಬಹಳವಾಗಿ ಸವೆದಿವೆ; ಗವಿಮಠದವು ಇಂದಿಗೂ ಓದುವಂತಿವೆ. ಇವಕ್ಕೆ ಮೊದಲೇ, 1915ರಲ್ಲಿ, ಬೀಡನ್ ಎಂಬ ಗಣಿ ಇಂಜಿನಿಯರನು ರಾಯಚೂರು ಸೀಮೆಯ ಮಸ್ಕಿಯಲ್ಲಿ ಮತ್ತೊಂದು ಶಾಸನವನ್ನು ಕಂಡುಹಿಡಿದಿದ್ದನು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರವಿದ್ದವು; ಅಶೋಕನೆಂಬ ಹೆಸರು ಮೊದಲು ಕಂಡದ್ದು ಮಸ್ಕಿಯ ಕಲ್ಲಿನಲ್ಲಿಯೇ. ದಕ್ಷಿಣದಲ್ಲಿ ಆತನ ರಾಜಪುತ್ರನಿದ್ದ ಸುವರ್ಣಗಿರಿಯು ಗಂಗಾವತಿ ಸೀಮೆಯ ಕನಕಗಿರಿಯೇ ಇರಬೇಕೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ.

ಅಶೋಕನು ಬಿಂದುಸಾರನ ಮಗನು, ಚಂದ್ರಗುಪ್ತನ ಮೊಮ್ಮಗನು. ಈ ಚಂದ್ರಗುಪ್ತನೇ ರಾಜ್ಯವನ್ನು ತೊರೆದು ಶ್ರವಣಬೆಳಗೊಳಕ್ಕೆ ಬಂದು ದೇಹವನ್ನು ಬಿಟ್ಟನೆಂದು ಜೈನರ ಐತಿಹ್ಯವು ಹೇಳುತ್ತದೆ. ಅಶೋಕನು ಯುವಕನಾಗಿದ್ದಾಗ ಉಜ್ಜಯಿನಿಯ ಅಧಿಕಾರಿಯಾಗಿದ್ದನೆಂದೂ, ತಕ್ಷಶಿಲೆಯ ದಂಗೆಯನ್ನು ಶಮನಗೊಳಿಸಿದನೆಂದೂ ಬೌದ್ಧ ಗ್ರಂಥಗಳಿಂದ ತಿಳಿಯುವುದು. ತೊಂಬತ್ತೊಂಬತ್ತು ಮಂದಿ ಅಣ್ಣತಮ್ಮಂದಿರನ್ನು ಕೊಂದು ಪಟ್ಟವೇರಿದನೆಂಬ ಕಥೆಯೂ ಉಂಟು. ಆದರೆ ತನ್ನ ಸೋದರ ಸೋದರಿಯರ ಮನೆತನಗಳ ವಿಷಯವನ್ನು ಆತನೇ ಶಾಸನದಲ್ಲಿ ಪ್ರಸ್ತಾಪಿಸಿರುವುದರಿಂದ ಅದನ್ನು ಇದ್ದಕ್ಕಿದ್ದಂತೆ ನಂಬುವುದು ಕಷ್ಟ. ಆತನ ಆಳಿಕೆಯು ಸುಮಾರು ಕ್ರಿ. ಪೂ. 268ರಿಂದ 232ರ ವರೆಗೆ ನಡೆಯಿತೆಂದು ಎಣಿಸುತ್ತಾರೆ.

ಪಟ್ಟಾಭಿಷೇಕವಾಗಿ ಎಂಟು ವರ್ಷಗಳು ಕಳೆದಾಗ, ಎಂದರೆ ಸುಮಾರು ಕ್ರಿ. ಪೂ. 261ರಲ್ಲಿ, ಅಶೋಕನು ಕಳಿಂಗ ದೇಶದ ಮೇಲೆ ದಂಡೆತ್ತಿ ಹೋದನು. ಈಗಿನ ಒಡಿಶಾದ ಸಮುದ್ರತೀರವೇ ಆ ದೇಶದ ಮುಖ್ಯ ಭಾಗ. ಜಯವು ಆತನದಾಯಿತು. ಆದರೆ ಆ ಜಯದ ಲೆಕ್ಕವನ್ನು ಆತನು ಬರೆಯಿಸಿದ ರೀತಿಯೇ ಬೇರೆ. ಸೆರೆಹಿಡಿದು ಸಾಗಿಸಲ್ಪಟ್ಟವರು 1,50,000 ಮಂದಿ. ಅಲ್ಲಿ ಹತರಾದವರು 1,00,000 ಮಂದಿ. ಸತ್ತವರು ಅದಕ್ಕಿಂತಲೂ ಎಷ್ಟೋ ಪಾಲು ಹೆಚ್ಚು. ರಾಜರ ಶಾಸನಗಳಲ್ಲಿ ಇಂಥ ಸಂಖ್ಯೆಗಳು ಪ್ರತಾಪವನ್ನು ಮೆರೆಸುವುದಕ್ಕಾಗಿ ಬರುವುದು ವಾಡಿಕೆ. ಇಲ್ಲಿಯಾದರೋ ಅವು ಪಶ್ಚಾತ್ತಾಪಕ್ಕೆ ಸಾಕ್ಷಿಯಾಗಿ ಬಂದಿವೆ.

ಇಷ್ಟಕ್ಕೇ ಆತನು ನಿಲ್ಲಲಿಲ್ಲ. ರಣರಂಗದಲ್ಲಿ ಬಿದ್ದವರನ್ನು ಎಣಿಸಿದ ಮೇಲೆ ಮನೆಯಲ್ಲಿ ಉಳಿದವರನ್ನೂ ನೆನೆದನು. ಗುರುಹಿರಿಯರ ಸೇವೆ ಮಾಡಿಕೊಂಡು, ಮಿತ್ರರಲ್ಲಿಯೂ ಬಂಧುಗಳಲ್ಲಿಯೂ ಆಳುಗಳಲ್ಲಿಯೂ ಸರಿಯಾಗಿ ನಡೆದುಕೊಂಡು ಬಾಳುವ ಗೃಹಸ್ಥರು ಎಲ್ಲ ದೇಶಗಳಲ್ಲಿಯೂ ಇರುವರು. ಯುದ್ಧದಲ್ಲಿ ಅವರಿಗೆ ಗಾಯವೂ ಮರಣವೂ ಪ್ರಿಯರ ಅಗಲಿಕೆಯೂ ಒದಗುವುವು. ತಾವು ಸುರಕ್ಷಿತವಾಗಿದ್ದರೂ ತಮ್ಮವರಿಗೆ ಬಂದ ವಿಪತ್ತೇ ಅವರಿಗೆ ಪೆಟ್ಟಾಗುವುದು ಎಂಬುದು ಆತನ ಮಾತಿನ ಸಾರ. ಆ ದಿನ ಕಳಿಂಗದಲ್ಲಿ ನಾಶವಾದವರ ನೂರರಲ್ಲಿ ಒಂದು ಪಾಲು, ಸಾವಿರದಲ್ಲಿ ಒಂದು ಪಾಲು ಈಗ ನಾಶವಾದರೂ ತನಗೆ ಅದು ಸಹಿಸಲಾರದ ಭಾರವೆಂದು ತಿಳಿಸಿದನು. ಮಗನಿಗಾಗಿ ಹೊಸ್ತಿಲಲ್ಲಿ ಕಾದಿರುವ ತಾಯಿಯ ಸಂಕಟಕ್ಕೆ ರಾಜನೀತಿಯಲ್ಲಿ ಸ್ಥಾನವುಂಟೆಂದು ಒಪ್ಪಿಕೊಂಡ ದೊರೆಗಳು ಎಷ್ಟು ಮಂದಿ? ಅಶೋಕನ ಹಿರಿಮೆಯು ಇಲ್ಲಿಯೇ ಇರುವುದೆಂದು ನಮ್ಮ ಅಭಿಪ್ರಾಯ.

ಪಶ್ಚಾತ್ತಾಪವು ಕಾರ್ಯದಲ್ಲಿಯೂ ತೋರಿತು. ಆತನ ರಾಜ್ಯದ ದಕ್ಷಿಣಕ್ಕೆ ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರೆಂಬ ಸ್ವತಂತ್ರ ರಾಜ್ಯಗಳಿದ್ದವು. ಅವನ್ನು ಗೆಲ್ಲಲು ದಂಡು ಹೊರಟಿದ್ದರೆ ಅದು ತುಂಗಭದ್ರೆಯ ಈ ಸೀಮೆಯನ್ನೇ ತುಳಿದು ಹೋಗಬೇಕಾಗುತ್ತಿತ್ತು. ಆದರೆ ಕಳಿಂಗದ ತರುವಾಯ ಆತನು ಬೇರೊಂದು ದೇಶವನ್ನು ಗೆದ್ದನೆಂದು ಯಾವ ಶಾಸನವೂ ಹೇಳುವುದಿಲ್ಲ. ದಂಡಿಗೆ ಬದಲಾಗಿ, ಆ ದೇಶಗಳಲ್ಲಿಯೂ ಆಚೆಯ ಯವನರಾಜನಾದ ಅಂತಿಯೋಕನ ದೇಶದಲ್ಲಿಯೂ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿಸಿ, ಇಲ್ಲದ ಕಡೆ ಔಷಧಿಯ ಗಿಡಮೂಲಿಕೆಗಳನ್ನು ನೆಡಿಸಿದನೆಂದು ಶಾಸನವು ತಿಳಿಸುತ್ತದೆ. ಆತನ ಮಗಳಾದ ಸಂಘಮಿತ್ತೆಯು ಬೋಧಿವೃಕ್ಷದ ಕೊಂಬೆಯೊಂದನ್ನು ಲಂಕೆಗೆ ಕೊಂಡೊಯ್ದಳೆಂದು ಮಹಾವಂಸದ ಐತಿಹ್ಯವಿದೆ. ತನ್ನ ಮಕ್ಕಳೂ ಮೊಮ್ಮಕ್ಕಳೂ ಹೊಸ ದಿಗ್ವಿಜಯವನ್ನು ಬಯಸದಿರಲಿ ಎಂಬುದಕ್ಕಾಗಿಯೇ ಕಳಿಂಗದ ಶಾಸನವನ್ನು ಬರೆಯಿಸಿದುದಾಗಿ ಅಶೋಕನು ಸ್ಪಷ್ಟವಾಗಿ ಹೇಳಿದ್ದಾನೆ.

ಸತ್ಯವನ್ನು ಬರೆಯುವಾಗ ಕೊರತೆಯನ್ನೂ ಹೇಳಲೇಬೇಕು. ಅಶೋಕನು ಕಳಿಂಗವನ್ನು ಅಲ್ಲಿಯವರಿಗೆ ಹಿಂದಿರುಗಿಸಲಿಲ್ಲ. ಅಡವಿಯ ಜನರಿಗೆ ಅಭಯದ ಜೊತೆಯಲ್ಲಿಯೇ, ತಾನು ಮರುಗುವವನಾದರೂ ಶಕ್ತನೆಂಬ ಎಚ್ಚರಿಕೆಯನ್ನೂ ಕೊಟ್ಟನು. ಮರಣದಂಡನೆಯನ್ನು ತೆಗೆದುಹಾಕದೆ, ಅಪರಾಧಿಗಳಿಗೆ ಮೂರು ದಿನಗಳ ಅವಧಿಯನ್ನು ಮಾತ್ರ ಅನುಗ್ರಹಿಸಿದನು. ಯುದ್ಧದ ಲೆಕ್ಕವನ್ನು ಹೇಳುವ ಹದಿಮೂರನೆಯ ಶಾಸನವು ದೂರದ ಕಂದಹಾರದಲ್ಲಿ ಗ್ರೀಕ್ ಭಾಷೆಯಲ್ಲಿಯೂ ಕೆತ್ತಲ್ಪಟ್ಟಿತ್ತೆಂದು 1963ರಲ್ಲಿ ದೊರೆತ ಕಲ್ಲಿನಿಂದ ತಿಳಿದುಬಂದಿತು. ಆದರೆ ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಅದು ಇಲ್ಲವೇ ಇಲ್ಲ. ಅದರ ಸ್ಥಾನದಲ್ಲಿ, ಎಲ್ಲ ಜನರೂ ತನ್ನ ಮಕ್ಕಳೆಂದೂ, ಅಧಿಕಾರಿಗಳು ಯಾರನ್ನೂ ನಿಷ್ಕಾರಣವಾಗಿ ಸೆರೆಯಲ್ಲಿಡಬಾರದೆಂದೂ, ಗಡಿಯಾಚೆಯವರು ತನಗೆ ಅಂಜಬೇಕಾಗಿಲ್ಲವೆಂದೂ ಹೇಳುವ ಬೇರೆ ಶಾಸನಗಳಿವೆ. ನಮ್ಮ ಕಲಬುರಗಿ ಸೀಮೆಯಲ್ಲಿ ಭೀಮಾ ತೀರದ ಸನ್ನತಿಯ ಶಿಲೆಯಲ್ಲಿಯೂ ಈ ಪ್ರತ್ಯೇಕ ಶಾಸನಗಳೇ ದೊರೆತಿವೆ. ನೊಂದವರಿಗೆ ನೋವನ್ನು ನೆನಪಿಸಬಾರದೆಂಬ ದಾಕ್ಷಿಣ್ಯವೋ, ರಾಜನೀತಿಯ ಜಾಣ್ಮೆಯೋ, ವಾಚಕರೇ ವಿಚಾರಿಸಬೇಕು. ತಪ್ಪನ್ನು ಪರರ ಮುಂದೆ ಒಪ್ಪಿಕೊಳ್ಳುವುದಕ್ಕಿಂತಲೂ ಅನ್ಯಾಯಕ್ಕೊಳಗಾದವರ ಮುಂದೆ ಒಪ್ಪಿಕೊಳ್ಳುವುದು ಚಕ್ರವರ್ತಿಗೂ ಕಷ್ಟವೆಂಬುದಂತೂ ಇದರಿಂದ ತೋರುತ್ತದೆ.

ಆತನ ಅನಂತರ ಸುಮಾರು ಐವತ್ತು ವರ್ಷಗಳಲ್ಲಿ ಮೌರ್ಯ ವಂಶವು ಕೊನೆಗೊಂಡಿತು. ಶಾಂತಿಯ ನೀತಿಯೇ ರಾಜ್ಯವನ್ನು ದುರ್ಬಲಗೊಳಿಸಿತೆಂದು ಕೆಲವು ಇತಿಹಾಸಕಾರರು ವಾದಿಸಿದರು. ಬೇರೆ ಕೆಲವರು ಅದನ್ನು ಒಪ್ಪಲಿಲ್ಲ. ಕತ್ತಿಯನ್ನೇ ನೆಚ್ಚಿದ ವಂಶಗಳಾದರೂ ಉಳಿದಿವೆಯೇ? ನಮ್ಮ ನೆರೆಯ ಆನೆಗೊಂದಿಯ ಮತ್ತು ಹಂಪೆಯ ಹಾಳು ಗೋಡೆಗಳೇ ಇದಕ್ಕೆ ಉತ್ತರ ಹೇಳುವುವು.

ಇನ್ನು ಗವಿಮಠದ ಬಂಡೆಯಲ್ಲಿ ಏನಿದೆ ಎಂಬುದನ್ನು ತಿಳಿಸಿ ಮುಗಿಸುವೆವು. ಅಲ್ಲಿ ಕಳಿಂಗದ ಹೆಸರಿಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೆ ಮಿಕ್ಕಿತೆಂದೂ, ಒಂದು ವರ್ಷದವರೆಗೆ ಅಷ್ಟಾಗಿ ಶ್ರಮಪಡಲಿಲ್ಲವೆಂದೂ, ಆಮೇಲೆ ಹೆಚ್ಚಾಗಿ ಶ್ರಮಿಸಿದುದರಿಂದ ಫಲವು ದೊರೆಯಿತೆಂದೂ ಚಕ್ರವರ್ತಿಯು ಹೇಳಿಕೊಂಡಿದ್ದಾನೆ. ಆ ಫಲವು ದೊಡ್ಡವರಿಗೆ ಮಾತ್ರ ದೊರೆಯುವಂಥದಲ್ಲ, ಶ್ರಮಿಸುವ ಚಿಕ್ಕವರಿಗೂ ದೊರೆಯುವುದು, ಗಡಿಯಾಚೆಯವರೂ ಇದನ್ನು ತಿಳಿಯಲಿ ಎಂಬುದು ಶಾಸನದ ಮುಖ್ಯಾಂಶ. ಸೇನೆಗಳನ್ನು ನಡೆಯಿಸುವ ಅಧಿಕಾರವು ನಮ್ಮಲ್ಲಿ ಯಾರಿಗೂ ಇಲ್ಲ. ಆದರೆ ಪರದೇಶದ ಯುದ್ಧದ ವಾರ್ತೆಯು ಮನೆಗೆ ಬಂದಾಗ, ಗೆದ್ದವರಾರೆಂದು ಕೇಳುವ ಮಗುವಿಗೆ, ಅಲ್ಲಿ ಮನೆಯಲ್ಲಿ ಉಳಿದವರ ಗತಿಯೇನಾಯಿತೆಂದು ಕೇಳಲು ಕಲಿಸುವ ಅಧಿಕಾರವು ಪ್ರತಿಯೊಬ್ಬ ತಾಯಿಗೂ ತಂದೆಗೂ ಉಂಟು. ಚಕ್ರವರ್ತಿಯು ಆ ಪ್ರಶ್ನೆಯನ್ನು ಕಲಿಯುವುದಕ್ಕೆ ಕಳಿಂಗದಷ್ಟು ಪ್ರಾಣಗಳು ಬಲಿಯಾದವು. ನಮ್ಮ ಮಕ್ಕಳು ಅದನ್ನು ಮನೆಯ ಒಲೆಯ ಬಳಿಯಲ್ಲಿಯೇ ಕಲಿಯಲಿ.