ಯುದ್ಧ ಬೇಡವೆಂದ ಸಂತ

ಕತ್ತಿ ಹಿಡಿದು ರಣರಂಗಕ್ಕೆ ಹೊರಟವನಿಗೆ ಊರೆಲ್ಲ ಜಯಘೋಷ ಮಾಡುತ್ತದೆ. ಊರೇ ಆವೇಶದಲ್ಲಿರುವಾಗ ಯುದ್ಧ ಬೇಡವೆನ್ನುವವನು ಒಂಟಿಯಾಗುತ್ತಾನೆ. ಆಚಾರ್ಯ ವಿನೋಬಾ ಭಾವೆಯವರ ಬಾಳಿನಲ್ಲಿ ನಾವು ಕಾಣುವುದು ಈ ಒಂಟಿತನದ ಧೈರ್ಯವನ್ನು.

1895ರಲ್ಲಿ ಮಹಾರಾಷ್ಟ್ರದ ಗಾಗೋದೆಯಲ್ಲಿ ಜನಿಸಿದ ವಿನೋಬಾರ ತಾಯಿ ರುಕ್ಮಿಣೀದೇವಿಯವರ ತವರು ಕರ್ನಾಟಕ. ಆ ಮಾತೆ ಇತ್ತ ಭಕ್ತಿಸಂಸ್ಕಾರವೇ ಮಗನ ಬಂಡವಾಳವಾಯಿತು. 1916ರಲ್ಲಿ ಅವರು ಗಾಂಧೀಜಿಯವರ ಆಶ್ರಮ ಸೇರಿದರು.

1939ರಲ್ಲಿ ಬ್ರಿಟಿಷ್ ಸರ್ಕಾರ ಭಾರತೀಯರನ್ನು ಕೇಳದೆಯೇ ದೇಶವನ್ನು ಮಹಾಯುದ್ಧಕ್ಕೆ ಎಳೆಯಿತು. ಅದನ್ನು ಪ್ರತಿಭಟಿಸುವ ವೈಯಕ್ತಿಕ ಸತ್ಯಾಗ್ರಹಕ್ಕೆ ಗಾಂಧೀಜಿ ಮೊದಲು ಆರಿಸಿದ್ದು ವಿನೋಬಾರನ್ನು. 1940ರ ಅಕ್ಟೋಬರ್ 17ರಂದು ಪವನಾರದಲ್ಲಿ ಅವರು ಯುದ್ಧಕ್ಕೆ ವಿರುದ್ಧವಾಗಿ ಮಾತನಾಡಿದರು. ನಾಲ್ಕೇ ದಿನಗಳಲ್ಲಿ ಬಂಧಿತರಾದರು. ಲಂಡನ್ ನಗರದ ಮೇಲೆ ಬಾಂಬು ಬೀಳುತ್ತಿದ್ದ ಕಾಲವದು. ಇಂಥ ಮಾತು ಹಿಟ್ಲರನಿಗೇ ನೆರವೆಂದು ಯುದ್ಧದ ಪಕ್ಷದವರು ಜರೆದರು. ಆ ಆಕ್ಷೇಪವನ್ನು ನಾವು ಹಗುರವೆನ್ನಲಾರೆವು. ಆದರೆ ಸತ್ಯಾಗ್ರಹಿಯಾದವನು ಸಂಚು ಹೂಡಲಿಲ್ಲ. ಅಧಿಕಾರಿಗೆ ಮೊದಲೇ ತಿಳಿಸಿ, ಬಹಿರಂಗವಾಗಿ ನುಡಿದು, ಶಿಕ್ಷೆಯನ್ನು ತಾನೇ ಹೊತ್ತನು. ಅವರ ಹಿಂದೆ 20,000ಕ್ಕೂ ಮಿಕ್ಕಿದ ಜನ ಸೆರೆಮನೆಗೆ ನಡೆದರು.

1942ರಲ್ಲಿ ಮತ್ತೆ ಸೆರೆಯಾದ ವಿನೋಬಾ ವೆಲ್ಲೂರಿನ ಜೈಲಿನಲ್ಲಿ ಕನ್ನಡವೂ ಸೇರಿ ದಕ್ಷಿಣದ ನಾಲ್ಕು ಭಾಷೆಗಳನ್ನು ಅಭ್ಯಾಸ ಮಾಡಿದರು. ದ್ವೇಷಕ್ಕೆ ಎಡೆಗೊಡದ ಮನಸ್ಸಿಗೆ ಸೆರೆಮನೆಯೂ ಪಾಠಶಾಲೆ. 1951ರಲ್ಲಿ ಭೂದಾನಕ್ಕೆ ಹೆಜ್ಜೆಯಿಟ್ಟ ಆ ಜೀವ 1982ರಲ್ಲಿ ದೇಹ ಬಿಟ್ಟಿತು.

ಕಾವೇರಿ ತೀರದ ರುದ್ರಪಟ್ಟಣದ ಸದ್ಭಕ್ತರೇ, ದೇಶಗಳ ಯುದ್ಧವಿರಲಿ, ಗದ್ದೆಯ ಬದುವಿನ ಜಗಳವಿರಲಿ, ಬೇಡವೆನ್ನುವವನನ್ನು ಹೇಡಿ, ದ್ರೋಹಿ ಎಂದು ಹಳಿಯುವ ಮೊದಲು ಅವನ ಮಾತನ್ನು ಪೂರ್ತಿ ಕೇಳಿರಿ. ಕೇಳುವ ಕಿವಿ ಇರುವ ಊರಿನಲ್ಲಿ ಕತ್ತಿಗೆ ಕೆಲಸ ಕಡಿಮೆ.