ಟಿಪ್ಪು ಸುಲ್ತಾನನ ಹುಲಿಮುಖದ ಕೋವಿಗಳು: ಪರದೇಶದ ಮಾಲೋ, ಶ್ರೀರಂಗಪಟ್ಟಣದ ಕೆಲಸವೋ?

ಏರ್‌ಸಾಫ್ಟ್ ಗನ್ ನೋಡಿರಬಹುದು. ಆಕಾರ ಅಸಲಿ ಬಂದೂಕಿನದೇ, ಆದರೆ ಹಾರುವುದು 6 ಮಿ.ಮೀ. ಪ್ಲಾಸ್ಟಿಕ್ ಗುಂಡು. ಹಿಡಿಕೆ ಬದಲಿಸಿ, ಬಣ್ಣ ಬಳಿದು, ತಮ್ಮದೇ ಗುರುತು ಹಾಕಿಸಿ ಇವನ್ನು ಕೂಡಿಡುವವರಿದ್ದಾರೆ. ಬಂದೂಕನ್ನು ಹೀಗೆ ತನ್ನ ಇಷ್ಟದಂತೆ ಮಾಡಿಸಿಕೊಳ್ಳುವ ಆಸೆ ಹೊಸದೇನಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನಿಂದ ಅರ್ಧ ದಿನದೊಳಗೆ ಹೋಗಿಬರಬಹುದಾದ ಶ್ರೀರಂಗಪಟ್ಟಣದಲ್ಲಿ ಇನ್ನೂರು ವರ್ಷಗಳ ಹಿಂದೆಯೇ ಒಬ್ಬ ದೊರೆ ಇದನ್ನು ಮಾಡಿಸಿದ್ದ. ಅವನೇ ಟಿಪ್ಪು ಸುಲ್ತಾನ್. ಅವನ ಆಡಳಿತದ ಬಗ್ಗೆ ಪರ-ವಿರೋಧದ ವಾದಗಳಿವೆ. ಇಲ್ಲಿ ನಾವು ನೋಡುವುದು ಅವನ ಕೋವಿಗಳನ್ನು ಮಾತ್ರ.

ಯುದ್ಧದಲ್ಲೇ ಬೆಳೆದ ಹುಡುಗ

ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ. ಹದಿಹರೆಯದಲ್ಲೇ ತಂದೆ ಹೈದರಾಲಿಯ ಜೊತೆ ಯುದ್ಧಕ್ಕೆ ಹೋದ. 1780ರ ಪೊಲ್ಲಿಲೂರು ಕದನದಲ್ಲಿ ಮೈಸೂರು ಸೈನ್ಯ ಬ್ರಿಟಿಷರನ್ನು ಸೋಲಿಸಿದಾಗ ಅವನೂ ಅಲ್ಲಿದ್ದ. 1782ರ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡ ಮೇಲೆ ಅಧಿಕಾರ ಇವನ ಕೈಗೆ ಬಂತು.

ರಾಕೆಟ್ ಕಂಡುಹಿಡಿದವನು ಟಿಪ್ಪು ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಇದು ಪೂರ್ತಿ ಸರಿಯಲ್ಲ. ಹೈದರನ ಸೈನ್ಯದಲ್ಲೇ ರಾಕೆಟ್‌ಗಳಿದ್ದವು. ಟಿಪ್ಪು ಅವುಗಳ ಬಳಕೆ ಹೆಚ್ಚಿಸಿದ. ಶಿವಮೊಗ್ಗ ಜಿಲ್ಲೆಯ ನಗರದ ಹಳೇ ಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕಿದ್ದವು.

ಕೋವಿಗಳು ಎಲ್ಲಿ ತಯಾರಾದವು?

ಇಷ್ಟು ನಾಜೂಕಿನ ಬಂದೂಕುಗಳೆಲ್ಲ ಯುರೋಪಿನಿಂದಲೇ ಬಂದಿರಬೇಕು ಎಂದು ಹಲವರು ನಂಬುತ್ತಾರೆ. ಅದು ತಪ್ಪು. ಯುರೋಪಿನ ಕೋವಿಗಳೂ ಅವನ ಬಳಿ ಇದ್ದವು, ನಿಜ. ಆದರೆ ಅವನ ಸ್ವಂತ ಕೋವಿಗಳಲ್ಲಿ ಹೆಚ್ಚಿನವು ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲೇ ತಯಾರಾದವು. 1788ರಲ್ಲಿ ಅವನ ರಾಯಭಾರಿಗಳು ಫ್ರಾನ್ಸಿನ ದೊರೆ 16ನೇ ಲೂಯಿಯನ್ನು ಕಂಡು, ಕುಶಲಕರ್ಮಿಗಳನ್ನು ಕಳಿಸಿಕೊಡಿ ಎಂದು ಕೇಳಿದ್ದರು. ಹೊರಗಿನ ವಿದ್ಯೆಯನ್ನು ಇಲ್ಲಿಗೆ ತರಿಸಿ, ಇಲ್ಲಿನ ಕೈಗಳಿಂದಲೇ ಕೆಲಸ ಮಾಡಿಸುವುದು ಅವನ ರೀತಿ. ಹಾಸನ ಜಿಲ್ಲೆಯ ಸಕಲೇಶಪುರದ ಬಳಿ ಇರುವ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯೂ ಹಾಗೆಯೇ. ಅದನ್ನು ಫ್ರೆಂಚ್ ಮಾದರಿಯಲ್ಲಿ ಕಟ್ಟಿಸಿದ್ದ.

ಇವು ಚಕಮಕಿ ಕೋವಿಗಳು. ಕುದುರೆ ಎಳೆದರೆ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತದೆ, ಮದ್ದು ಹೊತ್ತಿಕೊಳ್ಳುತ್ತದೆ. ಟಿಪ್ಪು ಮಾಡಿಸಿದ ಮಾರ್ಪಾಡುಗಳು ಇವು:

* ನಳಿಗೆ, ಹಿಡಿಕೆಗಳ ಮೇಲೆ ಹುಲಿಮುಖ ಮತ್ತು ಹುಲಿಪಟ್ಟೆ.
* ಜೋಡಿ ಪಿಸ್ತೂಲುಗಳಲ್ಲಿ ಒಂದಕ್ಕೆ ಬಲಕ್ಕೆ, ಇನ್ನೊಂದಕ್ಕೆ ಎಡಕ್ಕೆ ಕಿಡಿ ಹಾರಿಸುವ ಯಂತ್ರ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕನ್ನಡಿಯ ಬಿಂಬದಂತೆ ಕಾಣುತ್ತವೆ.
* ಒಂದೇ ನಳಿಗೆಯಲ್ಲಿ ಎರಡು ಗುಂಡು, ಒಂದರ ಹಿಂದೆ ಒಂದು ಹಾರುವ ಕೋವಿ.

ಕೊನೆಯ ದಿನ ಮತ್ತು ಲೂಟಿ

1792ರ ಒಪ್ಪಂದದಲ್ಲಿ ಟಿಪ್ಪು ಅರ್ಧದಷ್ಟು ರಾಜ್ಯ ಕಳೆದುಕೊಂಡ, ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಡಬೇಕಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತಲೇ ಸತ್ತ. ಗುಂಬಜ್‌ನಲ್ಲಿ ತಂದೆ-ತಾಯಿಯ ಪಕ್ಕದಲ್ಲೇ ಅವನ ಸಮಾಧಿಯಿದೆ. ಅವನ ಆಯುಧಗಳನ್ನು ಗೆದ್ದವರು ಹಂಚಿಕೊಂಡರು. ಬ್ರಿಟಿಷ್ ಸಿಪಾಯಿಯ ಮೇಲೆ ಎರಗಿದ ಮರದ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 2023ರಲ್ಲಿ ಅವನ ಕತ್ತಿಯೊಂದು ಲಂಡನ್ ಹರಾಜಿನಲ್ಲಿ 1.4 ಕೋಟಿ ಪೌಂಡ್‌ಗೆ ಹೋಯಿತು. ಕೋವಿಗಳೂ ಹರಾಜಿಗೆ ಬಂದಿವೆ. ಶ್ರೀರಂಗಪಟ್ಟಣದಲ್ಲಿ ಹುಟ್ಟಿದ ಹಲವು ವಸ್ತುಗಳನ್ನು ಇಂದು ನಾವು ಫೋಟೋದಲ್ಲಷ್ಟೇ ನೋಡಬೇಕಾಗಿದೆ.

“ಟಿಪ್ಪು ಅಸಲಿ ಕೋವಿ ಮಾರಾಟಕ್ಕಿದೆ” ಎಂಬ ಮೆಸೇಜ್ ಬಂದರೆ?

ದುಡ್ಡು ಕೊಡುವ ಮೊದಲು ಮೂರು ವಿಷಯ ನೆನಪಿರಲಿ.

1. ಹುಲಿಮುಖ ಇದ್ದ ಮಾತ್ರಕ್ಕೆ ಅಸಲಿಯಲ್ಲ. ಅದನ್ನು ಇವತ್ತು ಯಾರು ಬೇಕಾದರೂ ಕೆತ್ತಿಸಬಹುದು.
2. ಇಸವಿ ನೋಡಿ. ಟಿಪ್ಪು ತನ್ನದೇ ಮೌಲೂದಿ ವರ್ಷ ಜಾರಿಗೆ ತಂದಿದ್ದ. ಅದಕ್ಕೆ ಸುಮಾರು 572 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಅಂದರೆ 1224 ಎಂದಿದ್ದರೆ ಸುಮಾರು 1796. ಆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಇಂಗ್ಲಿಷ್ ಅಂಕಿಯಲ್ಲಿ 1796 ಎಂದೇ ಕೆತ್ತಿದ್ದರೆ ಅನುಮಾನಪಡಿ. ಅಂಕಿ ಸರಿಯಿದ್ದರೂ ತಜ್ಞರು ನೋಡದೆ ನಂಬಬೇಡಿ.
3. ಅಸಲಿಯೇ ಆಗಿದ್ದರೆ ತೊಂದರೆ ಇನ್ನೂ ದೊಡ್ಡದು. 100 ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ. ಲೈಸೆನ್ಸ್ ಇಲ್ಲದೆ ಇವುಗಳ ವ್ಯಾಪಾರ ಮಾಡುವಂತಿಲ್ಲ.

ಮನೆಯಲ್ಲಿ ಏರ್‌ಸಾಫ್ಟ್ ಗನ್ ಇದ್ದರೆ ಇನ್ನೊಂದು ಮಾತು. ಆಟಿಕೆ ತಾನೇ ಎನ್ನಬೇಡಿ. ಆ ಪ್ಲಾಸ್ಟಿಕ್ ಗುಂಡು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು, ಕನ್ನಡಕ ಹಾಕದೆ ಮಕ್ಕಳನ್ನು ಆಡಲು ಬಿಡಬೇಡಿ. ಬಸ್ಸಿನಲ್ಲಿ, ಜಾತ್ರೆಯಲ್ಲಿ ಹಿಡಿದು ತಿರುಗಿದರೆ ದೂರದಿಂದ ನೋಡುವ ಪೊಲೀಸರಿಗೆ ಅದು ಅಸಲಿ ಬಂದೂಕೇ. ಮನೆಯ ಗ್ರೂಪಿಗೆ ಮೊದಲು ಇದನ್ನು ಕಳಿಸಿ.